ಹಯಾತ್ ಸಾಬರ ಒಣ ಪೇಪರು

ಹರಿಹರದ ಹಯಾತ್ ಸಾಬರು ಕೆಲಸ ಮಾಡಿದ ಮನೆಯಲ್ಲಿ ಅದೇ ದಿನ ಚಹಾ ಕುಡಿಯುವವರಲ್ಲ. ಮುನಿಸಲ್ಲ, ಸಕ್ಕರೆ ಕಾಯಿಲೆಯೂ ಅಲ್ಲ. ನಲ್ಲಿ ಕೂಡಿಸಲಿ, ಪೈಪು ಎಳೆಯಲಿ, ಕಮೋಡ್ ಇಡಲಿ, ಕೆಲಸ ಮುಗಿದ ಮೇಲೆ ಚೀಲದಿಂದ ಹಳೇ ದಿನಪತ್ರಿಕೆಯ ಒಂದು ಹಾಳೆ ತೆಗೆದು ಜಾಯಿಂಟಿನ ಕೆಳಗೆ ನೆಲದ ಮೇಲೆ ಹಾಸುತ್ತಾರೆ. "ಇದನ್ನ ಯಾರೂ ಮುಟ್ಟಬ್ಯಾಡ್ರಿ, ನಾಳೆ ಬರ್ತೀನಿ" ಎಂದು ಹೇಳಿ ಗಾಡಿ ಹತ್ತುತ್ತಾರೆ. ಮಾರನೆಯ ದಿನ ಹತ್ತು ಗಂಟೆಗೆ ಬಂದು ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಒಂದು ಹನಿಯ ಕಲೆಯೂ ಇಲ್ಲದಿದ್ದರೆ ಗೋಡೆಗೆ ಒರಗಿ ಕೂತು, "ಈಗ ತರ್ರಿ ಚಹಾ" ಎನ್ನುತ್ತಾರೆ. ಕಲೆ ಇದ್ದರೆ ಚಹಾ ಇಲ್ಲ, ಮಾತಿಲ್ಲ, ಮತ್ತೆ ಮೊದಲಿನಿಂದ ಕೆಲಸ.

ಒಣಗಿ ಉಳಿದ ಹಾಳೆಯನ್ನು ಮಡಿಸಿ ಮನೆಗೆ ಒಯ್ಯುತ್ತಾರೆ. ಹೆಂಡತಿ ಮಾಬೂಬೀ ಅದನ್ನು ಅಡುಗೆಮನೆಯ ಗೂಡಿಗೆ ಹಾಸಿ ಮೇಲೆ ಡಬ್ಬಿ ಜೋಡಿಸುತ್ತಾಳೆ. ಹಳೆಯದು ಎಣ್ಣೆ ಹಿಡಿದರೆ ಹೊಸದು ಬರುತ್ತದೆ. ಮೂವತ್ತೊಂದು ವರ್ಷದಿಂದ ಆ ಗೂಡುಗಳಿಗೆ ಅಂಗಡಿಯಿಂದ ಹಾಳೆ ತಂದದ್ದೇ ಇಲ್ಲ.

ಈ ಪದ್ಧತಿ ಹಯಾತ್ ಸಾಬರ ಸ್ವಂತ ಬುದ್ಧಿಯೇನಲ್ಲ. ಅದನ್ನು ಅವರಿಗೆ ಕಲಿಸಿದವರು ಕಸ್ತೂರಮ್ಮ. ಮೂವತ್ತೊಂದು ವರ್ಷದ ಹಿಂದೆ ಕಸ್ತೂರಮ್ಮ ಹರಿಹರದಲ್ಲೇ ಇದ್ದರು. ಆಗಷ್ಟೇ ಸ್ವಂತ ಕೆಲಸ ಹಿಡಿದಿದ್ದ ಹಯಾತ್ ಅವರ ಅಡುಗೆಮನೆಗೆ ನಲ್ಲಿ ಕೂಡಿಸಿ, ಕೈ ಒರೆಸಿಕೊಳ್ಳುತ್ತ, "ಒಂದು ಚಹಾ ಸಿಗುತ್ತೇನ್ರಿ ಅಮ್ಮಾರೆ?" ಎಂದು ಕೇಳಿದ್ದ. ಕಸ್ತೂರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿನಗಿಂತ ಮುಂಚೆ ಇಬ್ರು ಬಂದು ನಲ್ಲಿ ಕೂಡ್ಸಿ ಹೋಗ್ಯಾರೆ. ಇಬ್ರೂ ಚಹಾ ಕುಡಿದೇ ಹೋಗ್ಯಾರೆ. ನಲ್ಲಿ ಮಾತ್ರ ಸೋರ್ತಾನೇ ಐತೆ. ಇಗೋ, ಪೇಪರ್ ಹಾಸ್ತೀನಿ. ನಾಳೆ ಇದು ಒಣಗಿದ್ರೆ ಬಾ, ಎರಡು ಕಪ್ ಕೊಡ್ತೀನಿ" ಎಂದರು.

ಮರುದಿನ ಹಾಳೆ ಒಣಗಿತ್ತು. ಹಯಾತ್ ಎರಡು ಕಪ್ ಕುಡಿದ. ಆ ಹಾಳೆಯೇ ಮಾಬೂಬೀಯ ಗೂಡಿಗೆ ಬಂದ ಮೊದಲನೆಯದು.

ಅಂಥ ಕಸ್ತೂರಮ್ಮನ ಮನೆಯಲ್ಲೇ, ಮೂವತ್ತೊಂದು ವರ್ಷದ ಮೇಲೆ, ಹಯಾತ್ ಸಾಬರ ಪೇಪರು ಒದ್ದೆಯಾಯಿತು. ಒಂದು ಸಲವಲ್ಲ, ಮೂರು ಸಲ.

ಕಸ್ತೂರಮ್ಮ ಈಗ ದಾವಣಗೆರೆಯ ವಿದ್ಯಾನಗರದಲ್ಲಿ ಮಗ ನಿಂಗರಾಜುವಿನ ಮನೆಯಲ್ಲಿದ್ದಾರೆ. ವಯಸ್ಸು ಎಪ್ಪತ್ನಾಲ್ಕು. ದೀಪಾವಳಿಗೆ ಮುಂಚೆ ಮಂಡಿ ಆಪರೇಶನ್ ಆಯಿತು. ಇನ್ನು ಕುಕ್ಕರಗಾಲಿನಲ್ಲಿ ಕೂರುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು. ಹಾಗಾಗಿ ಅವರ ಕೋಣೆಗೆ ಅಂಟಿಕೊಂಡ ಬಚ್ಚಲಿನಲ್ಲಿದ್ದ ಹಳೇ ಕಕ್ಕಸು ತೆಗೆಸಿ ಕಮೋಡ್ ಇಡಿಸಬೇಕಾಯಿತು. ನಿಂಗರಾಜುವಿನ ಗೆಳೆಯ ಅಂಜನ್ ಕುಮಾರ್‌ಗೆ ಟೈಲ್ಸು, ಕಮೋಡ್, ವಾಶ್ ಬೇಸಿನ್ ಮಾರುವ ಅಂಗಡಿ ಇತ್ತು. ಹಾಲಿನಂತೆ ಬೆಳ್ಳಗಿದ್ದ ಪಿಂಗಾಣಿ ಕಮೋಡು, ಅದರ ಬೆನ್ನಿಗೆ ಅದೇ ಪಿಂಗಾಣಿಯ ಫ್ಲಶ್ ಟ್ಯಾಂಕು, ಎರಡೂ ಅಲ್ಲಿಂದಲೇ ಬಂದವು. ಕೂಡಿಸಲು ತನ್ನ ಕಡೆಯವರನ್ನೇ ಕಳಿಸುತ್ತೇನೆ ಎಂದು ಅಂಜನ್ ಕುಮಾರ್ ಹೇಳಿದ. ಕಸ್ತೂರಮ್ಮ ಒಪ್ಪಲಿಲ್ಲ.

"ನನ್ನ ಬಚ್ಚಲಿಗೆ ಹಯಾತ್ ಸಾಬ್ರೇ ಬರ್ಬೇಕು. ಬರೋ ತನಕ ನಾನು ಹೆಂಗೋ ಕಷ್ಟ ಪಡ್ತೀನಿ" ಎಂದು ಹಟ ಹಿಡಿದರು.

ಡಿಸೆಂಬರ್ ತಿಂಗಳ ಒಂದು ಸೋಮವಾರ ಹಯಾತ್ ಸಾಬರು ಬಂದು ಕೆಲಸ ಮುಗಿಸಿದರು. ಸಂಜೆ ಟ್ಯಾಂಕಿನ ಕೆಳಗೆ ಪೇಪರು ಹಾಸಿದರು. ಮಂಗಳವಾರ ಬೆಳಗ್ಗೆ ಹತ್ತಕ್ಕೆ ಬಂದಾಗ ಪೇಪರಿನ ನಡುವೆ ಅಂಗೈಯಗಲ ಒದ್ದೆ. ಅವರಿಗೆ ಒಂದು ಕ್ಷಣ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಸುಮ್ಮನೆ ಟ್ಯಾಂಕು ಇಳಿಸಿದರು, ವಾಷರು ಬದಲಿಸಿದರು, ಬೋಲ್ಟು ಬಿಗಿದರು, ಹೊಸ ಪೇಪರು ಹಾಸಿದರು. ಬುಧವಾರ ಎರಡು ಅಂಗೈಯಗಲ. ಮತ್ತೆ ಇಳಿಸಿದರು. ನೀರು ಬರುವ ಪೈಪನ್ನೂ ಬದಲಿಸಿದರು. ಗುರುವಾರ ಪೇಪರು ಎತ್ತಲು ಹೋದರೆ ಹಾಳೆ ಹರಿದು ಕೈಗೆ ಬಂತು.

ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಅಂದು ಬೆಳಗ್ಗೆ ಕಸ್ತೂರಮ್ಮ ಆ ಒದ್ದೆಯ ಮೇಲೆ ಕಾಲಿಟ್ಟು ಜಾರಿದ್ದರು. ವಾಶ್ ಬೇಸಿನ್ ಕೈಗೆ ಸಿಕ್ಕಿದ್ದಕ್ಕೆ ಬಚಾವಾದರು. ಆಪರೇಶನ್ ಆದ ಮಂಡಿ ನೆಲಕ್ಕೆ ಬಡಿದಿದ್ದರೆ ಏನು ಗತಿ ಎಂದು ಮನೆಯವರೆಲ್ಲ ಹೆದರಿಹೋಗಿದ್ದರು.

ಅಂಜನ್ ಕುಮಾರ್ ಅಲ್ಲೇ ಇದ್ದ. ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು, ಸೊಂಟದಲ್ಲಿ ಅಳತೆಯ ಟೇಪು. ಮೊಬೈಲಿನ ಟಾರ್ಚು ಹಾಕಿ ಟ್ಯಾಂಕಿನ ಕೆಳಗೆ ಬಗ್ಗಿ ನೋಡಿ ಎದ್ದ.

"ಚಾಚಾ, ಬೇಜಾರು ಮಾಡ್ಕೋಬ್ಯಾಡ್ರಿ. ಇದು ನಿಮ್ಮ ಕಾಲದ ನಲ್ಲಿ ಅಲ್ಲ. ಬೋಲ್ಟು ಜಾಸ್ತಿ ಬಿಗಿದುಬಿಟ್ಟೀರಿ, ಪಿಂಗಾಣಿ ಕೂದಲೆಳೆಯಷ್ಟು ಬಿರುಕು ಬಿಟ್ಟೈತೆ. ಕೈ ಒಂದು ಅಳತೆಗೆ ನಿಲ್ಲಬೇಕಲ್ರಿ" ಎಂದ.

ಕೊನೆಯ ಮಾತು ಹೇಳುವಾಗ ಅವನ ಕಣ್ಣು ಹಯಾತ್ ಸಾಬರ ಬಲಗೈ ಮೇಲಿತ್ತು. ಆ ಕೈ ಎರಡು ವರ್ಷದಿಂದ ಸಣ್ಣಗೆ ನಡುಗುತ್ತಿತ್ತು. ಬೋಲ್ಟು ಬಿಗಿಯುವ ಪಾನಾ ಹಿಡಿದರೆ ನಿಲ್ಲುತ್ತಿತ್ತು, ಪಾನಾ ಕೆಳಗಿಟ್ಟರೆ ಮತ್ತೆ ಶುರು. ಈಗ ಕೈಯಲ್ಲಿ ಪಾನಾ ಇರಲಿಲ್ಲ, ಹರಿದ ಪೇಪರಿತ್ತು. ಅದು ಪಟಪಟ ಅಲ್ಲಾಡುತ್ತಿತ್ತು. ಸಾಬರು ಕೈಯನ್ನು ಜೇಬಿಗೆ ಹಾಕಿಕೊಂಡರು.

"ನಾಳೆ ಒಂಬತ್ತಕ್ಕೆ ಬಂದು ಅಳತೆ ತಗೋತೀನಿ. ಗೋಡೆ ಒಡೆದು ಒಳಗೇ ಪ್ಲಾಸ್ಟಿಕ್ ಟ್ಯಾಂಕ್ ಕೂಡಿಸಿಬಿಡೋಣ" ಎಂದು ಅಂಜನ್ ಕುಮಾರ್ ನಿಂಗರಾಜುವಿಗೆ ಹೇಳಿ ಹೋದ.

ನಿಂಗರಾಜು ಒಳ್ಳೆಯವನೇ. ಸಾಬರ ಮುಖ ನೋಡಲಾರದೆ ಗೋಡೆ ನೋಡುತ್ತ, "ಅವ್ವ ಬಿದ್ದುಬಿಟ್ರೆ ಅಂತ ಹೆದರಿಕೆ, ಸಾಬ್ರೆ" ಎಂದ.

"ಹೌದಲ್ರಿ, ಅವ್ವಗಿಂತ ನನ್ನ ಕೆಲಸ ದೊಡ್ಡದಾ" ಎಂದರು ಹಯಾತ್ ಸಾಬರು. ಚೀಲ ಹೆಗಲಿಗೆ ಹಾಕಿಕೊಂಡರು.

ಕಸ್ತೂರಮ್ಮ ಮಾತ್ರ ವಾಕರ್ ಊರಿಕೊಂಡು ಹೊರಬಾಗಿಲ ತನಕ ಬಂದರು. "ಸಾಬ್ರೆ, ಇವತ್ತಾದ್ರೂ ಒಂದು ಚಹಾ ಕುಡೀರಿ. ನಾಲ್ಕು ದಿನ ಆಯ್ತು."

"ಪೇಪರ್ ಒದ್ದೆ ಐತಲ್ರಿ ಅಮ್ಮಾರೆ. ನೀವೇ ಹಾಕಿಕೊಟ್ಟ ಕಾನೂನು."

ಹರಿಹರದ ದಾರಿಯುದ್ದಕ್ಕೂ ಅವರು ಯಾವ ಗಾಡಿಗೂ ಹಾರ್ನ್ ಮಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ನಡುವಿನ ಬಾತಿ ಹಳ್ಳಿ ದಾಟುವಾಗ ಹಿಂದಿನಿಂದ ಬಂದ ಬಸ್ಸು ಕಿವಿ ಹರಿಯುವಂತೆ ಕೂಗಿದರೂ ತಿರುಗಿ ನೋಡಲಿಲ್ಲ. ಮನೆಗೆ ಬಂದು ಚೀಲವನ್ನು ಮೂಲೆಗೆ ಇಟ್ಟರು. ಯಾವಾಗಲೂ ಬಾಗಿಲ ಪಕ್ಕ ಮೊಳೆಗೆ ಸಿಕ್ಕಿಸುವ ಚೀಲ ಮೂಲೆಗೆ ಹೋದದ್ದನ್ನು ಮಾಬೂಬೀ ನೋಡಿದಳು.

ಮಗ ಹುಜೈಫಾನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಟಿ.ವಿ., ಮೊಬೈಲು ರಿಪೇರಿ ಮಾಡುವ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದವನು ವಿಷಯ ಕೇಳಿ, "ನಾನು ಆವತ್ತಿಂದ ಹೇಳ್ತಾನೇ ಇದೀನಿ ಅಬ್ಬಾ. ಸಾಕು. ಅಂಗಡೀಲಿ ಬಂದು ಕೂಡ್ರಿ, ಗಲ್ಲಾ ನೋಡ್ಕೊಳ್ರಿ" ಎಂದ.

ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಹಯಾತ್ ಸಾಬರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟರು. ಅರವತ್ತೆರಡು ವರ್ಷದ ಮನುಷ್ಯನಿಗೆ ಕೈ ಸೋತಿದೆ ಎಂದು ಯಾರೋ ಶರ್ಟಿಗೆ ಇಸ್ತ್ರಿ ಮಾಡಿದವನು ಹೇಳಿದರೆ ಸಿಟ್ಟು ಬರುತ್ತದೆ. ಸ್ವಂತ ಮಗ ಹೇಳಿದರೆ ನಿಜವಿರಬಹುದೇನೋ ಅನ್ನಿಸಿಬಿಡುತ್ತದೆ. ತಟ್ಟೆಯ ಮುಂದೆ ಕೂತಲ್ಲೇ ಅವರು ತೀರ್ಮಾನ ಮಾಡಿದರು. ನಾಳೆ ಒಂದು ದಿನ. ಸೋರುವ ಜಾಗ ಸಿಕ್ಕಿದರೆ ಸರಿ. ಸಿಗದಿದ್ದರೆ ಪಾನಾ ಕೆಳಗಿಟ್ಟು ಗಲ್ಲಾದಲ್ಲಿ ಕೂರುವುದು. ಅದನ್ನೇ ಹೆಂಡತಿಗೂ ಹೇಳಿದರು.

ಮಾಬೂಬೀ ಸಮಾಧಾನದ ಮಾತೇನೂ ಆಡಲಿಲ್ಲ. ಅಡುಗೆಮನೆಯ ಮೂರನೇ ಗೂಡಿನ ಕಡೆ ಕೈ ತೋರಿಸಿದಳು. ಅದರ ಮೇಲೆ ಏನೂ ಇರಲಿಲ್ಲ.

"ಸೋಮವಾರವೇ ಹಳೇ ಹಾಳೆ ತೆಗೆದೀನಿ. ನಿಮ್ಮದು ಬರೋ ತನಕ ಡಬ್ಬಿ ಇಡೋಳಲ್ಲ ನಾನು. ನೋಡ್ರಿ, ಎಷ್ಟು ದಿನ ಅಂತ ಡಬ್ಬಿ ನೆಲದ ಮೇಲೆ ಇಟ್ಕಳ್ಳಲಿ?"

ಶುಕ್ರವಾರ ನಸುಕಿನ ಫಜರ್ ನಮಾಜು ಮುಗಿಸಿದವರೇ ಹಯಾತ್ ಸಾಬರು ಮನೆ ಬಿಟ್ಟರು. ಯಾವಾಗಲೂ ಹತ್ತು ಗಂಟೆಗೆ ಬಂದು ಒದ್ದೆಯಾಗಿ ಮುಗಿದ ಪೇಪರು ನೋಡುವುದೇ ಆಗಿತ್ತು. ಸೋರುವುದನ್ನು ಸೋರುವಾಗಲೇ ಹಿಡಿಯಬೇಕು ಎಂಬುದು ಅವರ ಲೆಕ್ಕ. ಹೊಳೆಯ ಮೇಲಿನ ಚಳಿಗಾಳಿ ಕಿವಿಗೆ ಸೂಜಿ ಚುಚ್ಚುತ್ತಿತ್ತು. ಮಫ್ಲರ್ ಸುತ್ತಿಕೊಂಡು ಆರು ಗಂಟೆಗೆ ವಿದ್ಯಾನಗರದ ಮನೆಯ ಗೇಟು ತಟ್ಟಿದಾಗ ನಿಂಗರಾಜುವಿನ ಹೆಂಡತಿ ಅಂಬಿಕಾ ಬಾಗಿಲು ತೆಗೆದಳು. ಅವಳು ಶಾಲೆಯ ಟೀಚರು, ಏಳೂವರೆಗೆಲ್ಲ ಮನೆ ಬಿಡುವವಳು.

"ಇಷ್ಟೊತ್ತಿಗೆ ಬಂದೀರಲ್ರಿ ಸಾಬ್ರೆ! ಇನ್ನೂ ಯಾರ ಸ್ನಾನವೂ ಆಗಿಲ್ಲ."

"ಆಗ್ಲಿ ತಾಯಿ. ನೀವೆಲ್ಲ ದಿನಾ ಹೆಂಗೋ ಹಂಗೇ ಮಾಡ್ಕಳ್ರಿ. ಒಬ್ಬೊಬ್ರು ಹೊರಗೆ ಬಂದ ಮೇಲೆ ನಾನೊಂದು ಸಲ ಒಳಗೆ ಹೋಗಿ ಟ್ಯಾಂಕ್ ನೋಡ್ತೀನಿ, ಅಷ್ಟೇ."

ಬಚ್ಚಲಿನ ಬಾಗಿಲ ಎದುರು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು, ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಟಾರ್ಚು ಹಿಡಿದು ಹಯಾತ್ ಸಾಬರು ಕಾವಲಿಗೆ ಕೂತರು. ಮನೆಯಲ್ಲಿ ಗೀಜರು ಇದ್ದದ್ದು ಅದೊಂದೇ ಬಚ್ಚಲಿಗೆ. ಚಳಿಗಾಲದಲ್ಲಿ ನಾಲ್ಕು ಜನರ ಸ್ನಾನವೂ ಅಲ್ಲೇ.

ಮೊದಲು ಒಳಗೆ ಹೋಗಿ ನೋಡಿದರು. ಟ್ಯಾಂಕು ಒಣಗಿ ಖಡಕ್ಕಾಗಿತ್ತು. ಹಿಂದಿನ ಸಂಜೆ ಕಸ್ತೂರಮ್ಮ ತಾವೇ ಹಾಸಿಸಿದ್ದ ಪೇಪರಿನಲ್ಲಿ ಒಂದು ಹನಿ ಇರಲಿಲ್ಲ. ಸಾಬರಿಗೆ ಆಶ್ಚರ್ಯ. ರಾತ್ರಿಯಿಡೀ ತುಂಬಿದ್ದ ಟ್ಯಾಂಕು, ಬಿರುಕಿದ್ದರೆ ರಾತ್ರಿಯೂ ಸೋರಬೇಕಿತ್ತಲ್ಲ?

ಕಸ್ತೂರಮ್ಮನ ಸ್ನಾನವಾಯಿತು. ಅಂಬಿಕಾಳದ್ದಾಯಿತು. ಆಮೇಲೆ ಅವಳ ಮಗ ರೇವಂತ್ ಹೋದ. ಪಿಯುಸಿ ಓದುವ ಅವನು ಒಳಗೆ ಹೋದರೆ ಅರ್ಧ ಗಂಟೆ, ಮೊಬೈಲಿನ ಹಾಡು ಬೇರೆ. ನಿಂಗರಾಜು ಹೊರಗೆ ಟವೆಲ್ ಹೆಗಲಿಗೆ ಹಾಕಿಕೊಂಡು, "ಏ, ನೀರು ಖಾಲಿ ಮಾಡ್ಬ್ಯಾಡಲೇ!" ಎಂದು ಬಾಗಿಲು ಗುದ್ದುತ್ತಿದ್ದ. ಕೊನೆಗೆ ಅವನ ಸರದಿಯೂ ಮುಗಿಯಿತು.

ಹಯಾತ್ ಸಾಬರು ಒಳಗೆ ಕಾಲಿಟ್ಟರು. ಕಾಲಿಟ್ಟ ಕೂಡಲೇ ಎದುರಿಗಿದ್ದ ಟ್ಯಾಂಕು, ಕಮೋಡು, ಗೋಡೆ ಎಲ್ಲ ಮಾಯವಾಗಿ ಬರೀ ಬಿಳಿ ಮಬ್ಬು ಕಂಡಿತು.

"ಯಾ ಅಲ್ಲಾ, ಕಣ್ಣೂ ಹೋಯ್ತಲ್ಲ!" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕೈ ಹೋಯಿತು, ಈಗ ಕಣ್ಣು. ಹುಜೈಫಾನ ಗಲ್ಲಾದಲ್ಲಿ ಕೂರಲೂ ಬಾರದ ಹಾಗಾಯಿತು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಕನ್ನಡಕ ತೆಗೆದ ಮೇಲೆ ಮಬ್ಬು ಇರಲಿಲ್ಲ. ಗಾಜನ್ನು ಮುಟ್ಟಿ ನೋಡಿದರು. ಒದ್ದೆ. ಮಫ್ಲರಿನಿಂದ ಒರೆಸಿ ಹಾಕಿಕೊಂಡರು. ಎರಡು ಎಣಿಸುವಷ್ಟರಲ್ಲಿ ಮತ್ತೆ ಮಬ್ಬು.

ಅವರು ಅಲ್ಲೇ ನಿಂತುಬಿಟ್ಟರು. ಕೈಯಲ್ಲಿದ್ದ ಕನ್ನಡಕ ನೋಡಿದರು, ಟ್ಯಾಂಕು ನೋಡಿದರು. ಬಗ್ಗಿ, ಬೆರಳಿನಿಂದ ಟ್ಯಾಂಕಿನ ಹೊಟ್ಟೆ ಸವರಿದರು. ಮಂಜುಗಡ್ಡೆಯಂತೆ ತಣ್ಣಗಿತ್ತು, ಮೈತುಂಬ ಸಾಸಿವೆಕಾಳಿನಷ್ಟು ಹನಿಗಳು. ಬೋಲ್ಟಿನ ಹತ್ತಿರ ಮಾತ್ರವಲ್ಲ, ಮೇಲೆ, ಪಕ್ಕಕ್ಕೆ, ಮುಚ್ಚಳದ ಅಂಚಿನ ಕೆಳಗೂ. ಹನಿಗಳು ಒಂದಕ್ಕೊಂದು ಕೂಡಿ ಜಾರಿ, ತಳಕ್ಕೆ ಬಂದು, ಟಪ್ ಎಂದು ಪೇಪರಿನ ಮೇಲೆ ಬೀಳುತ್ತಿದ್ದವು.

ಸೋರುವ ನೀರು ಕೆಳಗಿಳಿಯುತ್ತದೆ, ಮೇಲಕ್ಕೆ ಹತ್ತುವುದಿಲ್ಲ. ಇದು ಸೋರಿಕೆಯಲ್ಲ. ಟ್ಯಾಂಕು ಬೆವರುತ್ತಿದೆ.

ಚಳಿಗೆ ತಾರಸಿ ಮೇಲಿನ ನೀರು ಕೊರೆಯುತ್ತಿರುತ್ತದೆ. ಬೆಳಗ್ಗೆ ಮೊದಲ ಸಲ ಫ್ಲಶ್ ಮಾಡಿದ ಕೂಡಲೇ ಆ ನೀರು ಟ್ಯಾಂಕಿಗೆ ಇಳಿಯುತ್ತದೆ. ಪಿಂಗಾಣಿ ತಣ್ಣಗಾಗುತ್ತದೆ. ಆಮೇಲೆ ನಾಲ್ಕು ಜನ ಒಬ್ಬರ ಹಿಂದೊಬ್ಬರು ಕುದಿಕುದಿ ನೀರು ಹುಯ್ದುಕೊಳ್ಳುತ್ತಾರೆ. ಆ ಹಬೆ ಎಲ್ಲಿಗೆ ಹೋಗಬೇಕು? ಅವರು ತಲೆಯೆತ್ತಿ ವೆಂಟಿಲೇಟರ್ ಕಡೆ ನೋಡಿದರು. ನೋಡಿದವರೇ ಹೊರಗೆ ಬಂದು ಸ್ಟೂಲಿನ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಆ ವೆಂಟಿಲೇಟರಿನ ಕತೆ ಹೀಗೆ. ಪಕ್ಕದ ಮನೆಯವರು ಹೊಸದಾಗಿ ತಾರಸಿಗೆ ಮೆಟ್ಟಿಲು ಕಟ್ಟಿಸಿದ್ದರು. ಅದು ಸರಿಯಾಗಿ ಈ ಬಚ್ಚಲಿನ ವೆಂಟಿಲೇಟರ್ ಎದುರಿಗೇ ಬಂತು. ಮರ್ಯಾದೆಯ ಪ್ರಶ್ನೆಯೆಂದು ಮನೆಯವರು ಅದನ್ನು ಮುಚ್ಚಲು ಏನಾದರೂ ಹುಡುಕಿದರು. ಆ ವರ್ಷ ನಿಂಗರಾಜು ಒಂದು ಸಂಘದ ನಿರ್ದೇಶಕನಾಗಿ ಗೆದ್ದಿದ್ದ. ಗೆಳೆಯರು ಆಳೆತ್ತರದ ಫ್ಲೆಕ್ಸ್ ಮಾಡಿಸಿ ಸರ್ಕಲ್ಲಿಗೆ ಕಟ್ಟಿದ್ದರು. ಹಾರ ಹಾಕಿಕೊಂಡ ನಿಂಗರಾಜು, ಕೈಮುಗಿದ ನಿಂಗರಾಜು, ಮೇಲೆ 'ಹಾರ್ದಿಕ ಅಭಿನಂದನೆಗಳು'. ಆಮೇಲೆ ಆ ಫ್ಲೆಕ್ಸು ಅಟ್ಟದಲ್ಲಿ ಸುತ್ತಿಕೊಂಡು ಬಿದ್ದಿತ್ತು. ಅದರಿಂದಲೇ ಒಂದು ತುಂಡು ಕತ್ತರಿಸಿ, ನಾಲ್ಕೂ ಕಡೆ ಮೊಳೆ ಬಡಿದು, ಮೇಲೆ ಟೇಪು ಅಂಟಿಸಿದರು. ಗಾಳಿ ಹೋಗಲಿ, ಇರುವೆಯೂ ಹೋಗುವಂತಿರಲಿಲ್ಲ. ಮುಖವನ್ನು ಹೊರಗೆ ಮಾಡಿದರೆ ಪಕ್ಕದವರು ಮೆಟ್ಟಿಲು ಹತ್ತಿದಾಗಲೆಲ್ಲ ನಿಂಗರಾಜು ಬಚ್ಚಲಿನ ಕಿಂಡಿಯಿಂದ ಕೈಮುಗಿದು ನಗುವುದು ಚೆನ್ನಾಗಿರದು ಎಂದು ಅಂಬಿಕಾ ಮುಖವನ್ನು ಒಳಗೆ ಮಾಡಿಸಿದ್ದಳು.

ಈಗ ಆ ಫ್ಲೆಕ್ಸಿನ ನಿಂಗರಾಜುವಿನ ಹಣೆಯಿಂದ, ಮೂಗಿನಿಂದ, ಮುಗಿದ ಕೈಗಳಿಂದ ಧಾರಾಕಾರ ನೀರಿಳಿಯುತ್ತಿತ್ತು. ಹಯಾತ್ ಸಾಬರು ಆ ಫ್ಲೆಕ್ಸನ್ನು ಮೊದಲ ದಿನವೇ ನೋಡಿದ್ದರು. ಆದರೆ ಹತ್ತು ಗಂಟೆಯ ನಂತರ ಬರುವವರಿಗೆ ಅದು ಒಣಗಿದ ನಿಂಗರಾಜುವಾಗಿಯೇ ಕಂಡಿತ್ತು.

ನಗುವಿನ ಸದ್ದಿಗೆ ಮನೆಯವರೆಲ್ಲ ಓಡಿಬಂದರು. ಕೈ ಸೋತ ದುಃಖಕ್ಕೆ ಸಾಬರಿಗೆ ತಲೆ ಕೆಟ್ಟಿತೆಂದೇ ನಿಂಗರಾಜು ತಿಳಿದ.

"ಟ್ಯಾಂಕ್ ಸೋರ್ತೈತೆ ಅಂದ್ರಲ್ರಿ ನಿಂಗಣ್ಣ," ಎಂದು ಸಾಬರು ಕಣ್ಣೊರೆಸಿಕೊಂಡು ಮೇಲೆ ಕೈ ತೋರಿಸಿದರು. "ಅಲ್ಲಿ ನೋಡ್ರಿ. ಟ್ಯಾಂಕಿಗೆ ಬಿರುಕಿದ್ರೆ ನಿಮಗೂ ಬಿರುಕು ಇರ್ಬೇಕಲ್ಲ!"

ಒಂಬತ್ತಕ್ಕೆ ಅಂಜನ್ ಕುಮಾರ್ ಬಂದ. ಸಾಬರ ಮಾತು ಕೇಳಿ ಅವನು ತುಟಿ ಕೊಂಕಿಸಿದ. "ಬೆವರೋಕೆ ಟ್ಯಾಂಕ್ ಏನು ಮನುಷ್ಯನಾ ಚಾಚಾ? ಇದು ಬಿರುಕೇ. ಬೇಕಿದ್ರೆ ಬರೆದುಕೊಡ್ತೀನಿ."

ಒಂದು ದಿನದ ಹಿಂದೆ ಇಂಥ ಮಾತಿಗೆ ಜೇಬಿಗೆ ಹೋಗಿದ್ದ ಕೈಯನ್ನು ಸಾಬರು ಈಗ ಕಸ್ತೂರಮ್ಮನ ಕಡೆ ಚಾಚಿದರು.

"ಅಮ್ಮಾರೆ, ಬಿಳಿ ಬಟ್ಟೆಗೆ ಹಾಕೋ ನೀಲಿ ಐತೇನ್ರಿ?"

ನೀಲಿಯ ಬಾಟಲಿ ಬಂತು. ಸಾಬರು ಟ್ಯಾಂಕಿನ ಮುಚ್ಚಳ ತೆಗೆದು, ಬಾಟಲಿಯ ಬಿರಡೆಯಲ್ಲಿ ಅಳೆದು ನಾಲ್ಕು ಸಲ ನೀಲಿ ಸುರಿದರು. ಒಳಗಿನ ನೀರು ಗಾಢ ನೀಲಿಯಾಯಿತು. ಹೊರಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿದರು. ಕೆಳಗೆ ಅಚ್ಚಿಲ್ಲದ ಬಿಳಿ ಹಾಳೆ ಹಾಸಿದರು.

"ಈಗ ಕೇಳ್ರಿ. ಬಿರುಕಿದ್ರೆ ಹಾಳೆ ಮೇಲೆ ನೀಲಿ ಹನಿ ಬೀಳ್ಬೇಕು. ಬಿದ್ರೆ ನಾನು ಇವತ್ತೇ ಪಾನಾ ಕೆಳಗಿಡ್ತೀನಿ. ಬೀಳ್ದೆ ಇದ್ರೆ ಗೋಡೆಗೆ ಒಂದು ಏಟೂ ಹಾಕಂಗಿಲ್ಲ. ಅಂಜನಣ್ಣ, ಬರ್ರಿ ನೀವೂ ಒಳಗೆ. ಆಮೇಲೆ ಸಾಬ್ರು ಏನೋ ಕೈಚಳಕ ಮಾಡಿದ್ರು ಅನ್ನಬಾರದು."

ಇಬ್ಬರೂ ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಗೀಜರಿನ ಬಿಸಿನೀರು ಪೂರಾ ಬಿಟ್ಟರು. ಹೊರಗೆ ಕಸ್ತೂರಮ್ಮ ವಾಕರ್ ಹಿಡಿದು, ನಿಂಗರಾಜು ಉಗುರು ಕಚ್ಚುತ್ತ, ರೇವಂತ್ ಮೊಬೈಲಿನಲ್ಲಿ ಹೊತ್ತು ನೋಡುತ್ತ ನಿಂತರು. ಹತ್ತು ನಿಮಿಷವಾಗಿ ಬಾಗಿಲು ತೆರೆದಾಗ ಹಬೆಯ ಜೊತೆಗೆ ಅಂಜನ್ ಕುಮಾರ್ ಹೊರಬಿದ್ದ. ಇಸ್ತ್ರಿಯ ಶರ್ಟು ಮೈಗೆ ಅಂಟಿ, ಕೂದಲು ಹಣೆಗಿಳಿದಿತ್ತು. ಅವನ ಹಿಂದೆ ಹಯಾತ್ ಸಾಬರು, ಎರಡೂ ಕೈಯಲ್ಲಿ ಆ ಹಾಳೆ ಹಿಡಿದು.

ಹಾಳೆ ತೊಪ್ಪೆಯಾಗಿತ್ತು. ನೀಲಿಯ ಒಂದು ಚುಕ್ಕೆ ಇರಲಿಲ್ಲ. ಬಾವಿ ನೀರಿನಷ್ಟು ತಿಳಿ.

ಕಸ್ತೂರಮ್ಮ ಹಾಳೆಯನ್ನು ಮೂಗಿನ ಹತ್ತಿರ ತಂದು ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ವಾಕರಿನಿಂದ ನೆಲಕ್ಕೆ ಕುಟ್ಟಿ, "ನಾನು ಹೇಳಿದ್ನಿಲ್ಲೇನೋ ನಿಂಗರಾಜಾ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದರು. ಅವರು ಏನು ಹೇಳಿದ್ದರೆಂದು ಯಾರೂ ಕೇಳಲಿಲ್ಲ.

ಹಯಾತ್ ಸಾಬರು ಅಷ್ಟಕ್ಕೇ ಬಿಟ್ಟಿದ್ದರೆ ಅವರ ಗೆಲುವು ಸೊಗಸಾಗಿ ಮುಗಿಯುತ್ತಿತ್ತು. ಆದರೆ ಕಮೋಡಿನೊಳಗೆ ಬಗ್ಗಿ ನೋಡಿದಾಗ ಅಲ್ಲಿ ದಾರದಷ್ಟು ಸಣ್ಣಗೆ ನೀಲಿ ನೀರು ಇಳಿಯುವುದು ಅವರಿಗೆ ಕಂಡಿತ್ತು. ಬೇರೆ ಯಾರೂ ನೋಡಿರಲಿಲ್ಲ. ಅವರೇ ಎಲ್ಲರನ್ನೂ ಕರೆದು ತೋರಿಸಿದರು.

"ಇದು ಮಾತ್ರ ನನ್ನ ತಪ್ಪು. ಒಳಗಿನ ರಬ್ಬರ್ ಸರಿಯಾಗಿ ಕೂಡ್ತಾ ಇಲ್ಲ. ಹೊಸದಲ್ವಾ ಅಂತ ನಾನು ನೋಡ್ಲಿಲ್ಲ. ನೀರು ಒಂಚೂರು ಒಂಚೂರೇ ಹೋಗ್ತೈತೆ, ಅಷ್ಟೂ ತಣ್ಣೀರು ಮೇಲಿಂದ ಬಂದು ತುಂಬ್ತಾನೇ ಇರ್ತೈತೆ. ಟ್ಯಾಂಕಿಗೆ ಚಳಿ ಬಿಡೋದೇ ಇಲ್ಲ. ಇದನ್ನೂ ಬದಲಿಸ್ತೀನಿ."

ಅಂಜನ್ ಕುಮಾರ್ ತಲೆ ಒರೆಸಿಕೊಳ್ಳುತ್ತಿದ್ದ ಟವೆಲನ್ನು ಕೆಳಗಿಳಿಸಿ ಸಾಬರನ್ನೇ ನೋಡಿದ. ಟೇಪು ಸೊಂಟದಲ್ಲೇ ಉಳಿಯಿತು.

ಸಾಬರು ಮೊದಲು ಫ್ಲೆಕ್ಸು ಕಿತ್ತರು. ನಿಂಗರಾಜು ತನ್ನ ಮುಖವನ್ನು ತಾನೇ ಸುತ್ತಿ ಅಟ್ಟಕ್ಕೆ ಎಸೆದ. ಆ ಜಾಗಕ್ಕೆ ಹಬೆ ಎಳೆದು ಹೊರಹಾಕುವ ಒಂದು ಸಣ್ಣ ಫ್ಯಾನು, ಅದರ ಪಕ್ಕ ಓರೆಯಾಗಿ ಕೂಡಿಸಿದ ಮಬ್ಬು ಗಾಜಿನ ಪಟ್ಟಿಗಳು. ಗಾಳಿ ಆಡುತ್ತದೆ, ಮೆಟ್ಟಿಲ ಮೇಲಿನವರಿಗೆ ಒಳಗಿನದು ಕಾಣುವುದಿಲ್ಲ. ಆಮೇಲೆ ರಬ್ಬರು ಬದಲಾಯಿತು. ಉಳಿದದ್ದು ಟ್ಯಾಂಕಿನ ಮೈ. ತಣ್ಣೀರು ಪಿಂಗಾಣಿಗೆ ತಾಗದ ಹಾಗೆ ಒಳಗೊಂದು ಅಂಗಿ ತೊಡಿಸಬೇಕು ಎಂದು ಸಾಬರು ಯೋಚಿಸಿದರು. ನೀರು ಕುಡಿಯದ, ತೆಳ್ಳಗಿನ, ಮೆತ್ತನೆಯದೊಂದು ಬೇಕು. ಅದನ್ನು ಎಲ್ಲೋ ನೋಡಿದ ನೆನಪು. ತಟ್ಟನೆ ಹೊಳೆಯಿತು. ಹುಜೈಫಾನ ಅಂಗಡಿಯಲ್ಲಿ ಟಿ.ವಿ. ಡಬ್ಬಗಳಿಂದ ಬರುವ ಫೋಮ್ ಹಾಳೆ ಮೊಣಕಾಲುದ್ದ ಬಿದ್ದಿರುತ್ತದೆ.

ಫೋನು ಮಾಡಿದರು. "ಹುಜೈಫಾ, ಗಲ್ಲಾಕ್ಕೆ ನಾನು ಬರೋದಿಲ್ಲ. ನೀನೇ ಇಲ್ಲಿಗೆ ಬಾ. ಫೋಮ್ ತಗೊಂಡು ಬಾ."

ಅಪ್ಪನ ದನಿಯಲ್ಲಿ ಏನು ಕೇಳಿತೋ, ಹುಜೈಫಾ ಅಂಗಡಿಗೆ ಬೀಗ ಹಾಕಿ ಅರ್ಧ ಗಂಟೆಯಲ್ಲಿ ಬಂದ. ಸಾಬರು ಟ್ಯಾಂಕು ಖಾಲಿ ಮಾಡಿ, ಒಳಗನ್ನು ಒಣಬಟ್ಟೆಯಿಂದ ಉಜ್ಜಿ, ಫೋಮನ್ನು ನಾಲ್ಕು ಗೋಡೆಗೂ ತಳಕ್ಕೂ ಅಳತೆಗೆ ಕತ್ತರಿಸಿದರು. ನೀರಿಗೆ ಬಿಡದ ಅಂಟು ಹಚ್ಚಿ, ಒಳಗಿನ ತೇಲುವ ಚೆಂಡಿಗೆ ಎಲ್ಲೂ ತಾಗದಂತೆ ಒತ್ತಿ ಕೂಡಿಸಿದರು. ಕತ್ತರಿ ಹಿಡಿದ ಕೈ ನೂಲು ಹಿಡಿದಂತೆ ನೇರ ಹೋಯಿತು. ಹುಜೈಫಾ ಪಕ್ಕದಲ್ಲಿ ನಿಂತು ಆ ಕೈಯನ್ನೇ ನೋಡುತ್ತಿದ್ದ. ಮಧ್ಯಾಹ್ನದ ಜುಮ್ಮಾ ನಮಾಜಿನ ಹೊತ್ತಿಗೆ ಕೆಲಸ ಮುಗಿದಿತ್ತು.

"ಅಂಟು ಒಣಗೋಕೆ ಒಂದು ದಿನ ಬೇಕು. ನಾಳೆ ಸಂಜೆ ನೀರು ಬಿಡ್ತೀನಿ, ಪೇಪರ್ ಹಾಸ್ತೀನಿ. ಅಲ್ಲಿ ತನಕ ಬಕೆಟ್ ನೀರೇ ಗತಿ" ಎಂದರು ಸಾಬರು.

"ಮತ್ತೆ ಚಹಾ?" ಎಂದರು ಕಸ್ತೂರಮ್ಮ.

"ಪೇಪರ್ ನೋಡಿ ಹೇಳ್ತೀನ್ರಿ."

ಭಾನುವಾರ ಆ ಮನೆಯಲ್ಲಿ ಹಬ್ಬದ ಗದ್ದಲ. ಸಾಬರ ಅಪ್ಪಣೆಯಂತೆ ನಾಲ್ವರೂ ದಿನದ ಹಾಗೆಯೇ ಸ್ನಾನ ಮಾಡಬೇಕಿತ್ತು. ರೇವಂತ್ ಪರೀಕ್ಷೆಗೆ ನ್ಯಾಯ ಒದಗಿಸಲು ಮುಕ್ಕಾಲು ಗಂಟೆ ತೆಗೆದುಕೊಂಡ. ನಿಂಗರಾಜು ಎರಡು ಬಕೆಟ್ ಜಾಸ್ತಿ ಹುಯ್ದುಕೊಂಡ. ಅಂಜನ್ ಕುಮಾರ್ ಕರೆಯದೆಯೇ ಬಂದು ಜ್ಯೂರಿಯವನಂತೆ ಸೋಫಾದ ತುದಿಯಲ್ಲಿ ಕೂತ. ಎಂಟು ಗಂಟೆಗೆ ಹಯಾತ್ ಸಾಬರ ಗಾಡಿ ಗೇಟಿನ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಮಾಬೂಬೀ.

"ಇವರೊಬ್ರೇ ನೋಡಿದ್ರೆ ನನಗೆ ನಂಬಿಕೆ ಇಲ್ಲ" ಎಂದು ಅವಳು ಕಸ್ತೂರಮ್ಮನಿಗೆ ಹೇಳಿದಳು.

ಬಚ್ಚಲಿಗೆ ಹೋಗಿ ಪೇಪರು ಎತ್ತಲು ಸಾಬರು ಬಗ್ಗಿದರು. ಕಸ್ತೂರಮ್ಮ ತಡೆದರು. "ಮೊದಲ ಪೇಪರ್ ನಾನು ಹಾಸಿದ್ದು. ಇದನ್ನೂ ನಾನೇ ಎತ್ತಬೇಕು. ಸರೀರಿ." ಹೊಸ ಮಂಡಿಯನ್ನು ಮೆಲ್ಲಗೆ ಮಡಚಿ, ಒಂದು ಕೈಯಿಂದ ಕಮೋಡು ಹಿಡಿದು, ಇನ್ನೊಂದು ಕೈ ಚಾಚಿ ಹಾಳೆ ಎಳೆದುಕೊಂಡರು. ಅವರು ಹಾಳೆಯನ್ನು ಕಿವಿಯ ಹತ್ತಿರ ತಂದು ಝಾಡಿಸಿದರು.

ಹಪ್ಪಳದಂತೆ ಗರಗರ ಸದ್ದು ಬಂತು.

ಆಮೇಲೆ ಬೆಳಕಿಗೆ ಹಿಡಿದರು. ಒಂದು ಅಕ್ಷರವೂ ಹರಡಿರಲಿಲ್ಲ. ಕಸ್ತೂರಮ್ಮ ಅದರಲ್ಲಿದ್ದ ಈರುಳ್ಳಿ ಧಾರಣೆಯನ್ನು ಗಟ್ಟಿಯಾಗಿ ಓದಿ ಮುಗಿಸಿ, ಬಾಗಿಲ ಕಡೆ ತಿರುಗಿ ಕೂಗಿದರು: "ಅಂಬಿಕಾ, ಚಹಾ ಇಡವ್ವ! ಏಲಕ್ಕಿ ಹಾಕು. ಸಾಬ್ರಿಗೆ ಆರು ದಿನದ್ದು ಬಾಕಿ ಐತೆ!"

ಹಯಾತ್ ಸಾಬರು ಗೋಡೆಗೆ ಒರಗಿ ಕೂತು ಮಫ್ಲರಿನಿಂದ ಕನ್ನಡಕ ಒರೆಸಿಕೊಂಡರು. ಅದರ ಮೇಲೆ ಹಬೆಯೇನೂ ಇರಲಿಲ್ಲ.

ಚಹಾ ಬಂತು. ತುಂಬಿದ ಕಪ್ಪು ಹಿಡಿದಾಗ ಕೈ ಎಂದಿನಂತೆ ನಡುಗಿ ಸಾಸರು ಕಣಕಣ ಎಂದಿತು. ಈ ಸಲ ಸಾಬರು ಅದನ್ನು ಮುಚ್ಚಿಡಲಿಲ್ಲ. ಎಲ್ಲರ ಎದುರಿಗೂ ಕೈ ಎತ್ತಿ ಹಿಡಿದರು.

"ಅಲ್ಲಾಡ್ಲಿ ಬಿಡ್ರಿ. ಇದು ಚಹಾ ಕುಡಿಯೋ ಕೈ. ಜಾಯಿಂಟ್ ಬಿಗಿಯೋ ಕೈ ಬೇರೆ."

ಎರಡನೇ ಕಪ್ಪಿಗೆ ಅಂಜನ್ ಕುಮಾರ್ ಸೋಫಾದಿಂದ ಎದ್ದುಬಂದು ಅವರ ಪಕ್ಕ ನೆಲದ ಮೇಲೆ ಕೂತ. ಬಿಸ್ಕತ್ತು ಮುರಿಯುತ್ತ, ದನಿ ಇಳಿಸಿ, "ಚಾಚಾ, ಕಳೆದ ತಿಂಗಳಿಂದ ಮೂರು ಮನೇಲಿ ಟ್ಯಾಂಕ್ ಬಿರುಕು ಬಿಟ್ಟೈತೆ ಅಂತ ಹೊಸದು ಕೂಡಿಸೀನಿ. ಮೂರೂ ಈಗ ಮತ್ತೆ ಒದ್ದೆ ಆಗ್ತಾವಂತೆ. ನೀವು ಒಂದು ಸಲ ಬರ್ತೀರೇನ್ರಿ?" ಎಂದ.

"ಬರ್ತೀನಿ," ಎಂದರು ಹಯಾತ್ ಸಾಬರು. "ಬೆಳಗ್ಗೆ ಆರಕ್ಕೆ ಬರ್ತೀನಿ, ನಾನು ಬರೋ ತನಕ ಯಾರೂ ಸ್ನಾನ ಮಾಡಬ್ಯಾಡ್ರಿ ಅಂತ ಹೇಳಿಡ್ರಿ. ಚಹಾ ಮಾತ್ರ ಮರುದಿನ."

ಹರಿಹರಕ್ಕೆ ಹೋಗುವ ದಾರಿಯಲ್ಲಿ ಸಾಬರು ಬಾತಿ ದಾಟುವ ತನಕ ಎಂಟು ಸಲ ಹಾರ್ನ್ ಮಾಡಿದರು, ಅಡ್ಡ ಬಂದ ಒಬ್ಬ ಆಟೋದವನನ್ನು ಮನಸ್ಸು ತುಂಬಿ ಬೈದರು. ಹಿಂದಿನ ಸೀಟಿನಲ್ಲಿ ಮಾಬೂಬೀ ಪೇಪರನ್ನು ಗಾಳಿಗೆ ಹಾರದಂತೆ ಎದೆಗೆ ಒತ್ತಿಕೊಂಡಿದ್ದಳು. ಮನೆಗೆ ಬಂದು ಸಾಬರು ಚೀಲವನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದರು. ಮಾಬೂಬೀ ಮೂರನೇ ಗೂಡಿಗೆ ಹಾಳೆ ಹಾಸಿ, ಸುಕ್ಕು ಬಿಡಿಸಿ, ಆರು ದಿನದಿಂದ ನೆಲದ ಮೇಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಎತ್ತಿಟ್ಟಳು.